ತಕ್ಕಡಿ, ಖಾತೆ, ಗೇಟು



ದೊಡ್ಡ ತಂತ್ರಜ್ಞಾನ ಕಂಪನಿಗಳಿಂದ ಸಣ್ಣ ವ್ಯಾಪಾರಿಗೂ ಗ್ರಾಹಕನಿಗೂ ಏನಾಗಿದೆ ಎಂಬುದು ಇಂದಿನ ವಿಷಯ. ಇದನ್ನು ಬೆಂಗಳೂರಿನ ಗಾಜಿನ ಕಟ್ಟಡಗಳಿಂದ ಶುರುಮಾಡುವುದು ವಾಡಿಕೆ. ನಾನು ತೆರಕಣಾಂಬಿಯಿಂದ ಶುರುಮಾಡುತ್ತೇನೆ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬರುವ ದಾರಿಯಲ್ಲೇ ಇದೆ, ನೀವೆಲ್ಲ ಬಲ್ಲ ಊರು. ಸುತ್ತಲಿನ ಹಳ್ಳಿಗಳ ಟೊಮೆಟೊ, ಬೀನ್ಸ್, ಕೋಸು, ಬೀಟ್‌ರೂಟ್ ಅಲ್ಲಿಯ ಮಾರುಕಟ್ಟೆಗೆ ಬಂದು ಬೀಳುತ್ತದೆ, ಅಲ್ಲಿಂದ ಲಾರಿ ಹತ್ತಿ ಕೇರಳಕ್ಕೂ ತಮಿಳುನಾಡಿಗೂ ಹೋಗುತ್ತದೆ. ರೈತನಿಗೂ ಕೊಳ್ಳುವವನಿಗೂ ನಡುವೆ ಒಬ್ಬ ಕೂತಿರುತ್ತಾನೆ. ಮಂಡಿಯವನು ಅನ್ನಿ, ದಲ್ಲಾಳಿ ಅನ್ನಿ.

ಹಿಂದಿನ ದಲ್ಲಾಳಿಯ ಬಲ ಇದ್ದದ್ದು ಬರೀ ದುಡ್ಡಿನಲ್ಲಲ್ಲ. ಮಾಲು ಇಳಿಸುವ ಜಾಗ ಅವನದು. ತೂಗುವ ತಕ್ಕಡಿ ಅವನದು. ಬರೆದಿಡುವ ಖಾತೆಪುಸ್ತಕವೂ ಅವನದೇ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಮುಗಿಸಿದರೆ ಮಾಲಿನ ಒಡೆಯನಿಗೆ ತನ್ನ ಮಾಲಿನ ದರ ತಿಳಿಯುತ್ತಿದ್ದುದು ಕೊನೆಗೆ. ಮೈಸೂರು ಸಂಸ್ಥಾನ 1939ರಲ್ಲೇ ಇದಕ್ಕೊಂದು ಕಾನೂನು ತಂದಿತು. ಆಮೇಲೆ ಬಂದದ್ದು 1966ರ ಕೃಷಿ ಉತ್ಪನ್ನ ಮಾರಾಟ ಕಾಯ್ದೆ, ನಾವು ಎಪಿಎಂಸಿ ಕಾಯ್ದೆ ಎಂದು ಕರೆಯುವುದು. ಆ ಕಾಯ್ದೆ ದಲ್ಲಾಳಿಯನ್ನು ಓಡಿಸಲಿಲ್ಲ. ಅವನ ಕೈಯಲ್ಲಿದ್ದ ಮೂರನ್ನು ಬೇರೆ ಬೇರೆ ಮಾಡಿತು. ಜಾಗ ಸಮಿತಿಯದು. ತೂಗುವವನಿಗೆ ಬೇರೆ ಲೈಸೆನ್ಸ್. ದರ ಬಹಿರಂಗ ಹರಾಜಿನಲ್ಲಿ. ಕಮಿಷನ್ ಕೊಳ್ಳುವವನಿಂದ, ಮಾರುವ ರೈತನಿಂದಲ್ಲ. ಇದೆಲ್ಲ ಹಾಗೇ ನಡೆಯುತ್ತಿದೆಯೇ ಎಂದು ಕೇಳಬೇಡಿ. ತರಕಾರಿ ಮಂಡಿಯಲ್ಲಿ ರೈತನ ಚೀಟಿಯಿಂದಲೇ ಕಮಿಷನ್ ಮುರಿಯುವುದೂ ರೈತ ಸಂಘದವರು ಗಲಾಟೆ ಮಾಡುವುದೂ ಇಂದಿಗೂ ಉಂಟು. ಆದರೆ ಗಲಾಟೆ ಮಾಡಲು ಕಾಯ್ದೆಯ ಒಂದು ಕಲಮು ಕೈಯಲ್ಲಿದೆ, ಹೋಗಿ ನಿಲ್ಲಲು ಒಂದು ಕಚೇರಿ ಇದೆ.

ನನ್ನ ವಾದ ಇಷ್ಟೆ. ನಾವು ತಲೆಮಾರುಗಳ ಕಾಲ ಕಷ್ಟಪಟ್ಟು ಬೇರೆ ಮಾಡಿದ ಆ ಮೂರೂ ಈಗ ಫೋನಿನೊಳಗೆ ಮತ್ತೆ ಒಬ್ಬನ ಕೈಗೆ ಸೇರಿವೆ. ಕಂಪನಿ ದೊಡ್ಡದು ಎಂಬುದು ನನ್ನ ತಕರಾರಲ್ಲ. ಟಾಟಾ ಉಪ್ಪು ಮಾರುವ ಅಂಗಡಿಯವನಿಗೆ ದೊಡ್ಡವರ ಜೊತೆ ವ್ಯವಹಾರ ಹೊಸದೇನೂ ಅಲ್ಲ. ಹೊಸದಾಗಿರುವುದು, ಒಬ್ಬನೇ ಗೇಟು ಕಾಯುತ್ತಾನೆ, ಒಬ್ಬನೇ ತೂಗುತ್ತಾನೆ, ಒಬ್ಬನೇ ಬರೆದುಕೊಳ್ಳುತ್ತಾನೆ, ಜೊತೆಗೆ ಕೆಲವೊಮ್ಮೆ ಪಕ್ಕದಲ್ಲೇ ತನ್ನದೂ ಒಂದು ಅಂಗಡಿ ಇಟ್ಟುಕೊಳ್ಳುತ್ತಾನೆ.

ಗೇಟಿನ ಮಾತಿಗೆ ಗುಂಡ್ಲುಪೇಟೆಗಿಂತ ಒಳ್ಳೆಯ ಊರು ಸಿಗಲಾರದು. ಮೈಸೂರಿನಿಂದ ಬಂದ ಹೆದ್ದಾರಿ ಅಲ್ಲಿ ಕವಲೊಡೆದು ಒಂದು ಸುಲ್ತಾನ್ ಬತ್ತೇರಿಯ ಮೇಲೆ ಕೋಳಿಕ್ಕೋಡಿಗೆ, ಇನ್ನೊಂದು ಊಟಿಗೆ ಹೋಗುತ್ತದೆ. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಬಂಡೀಪುರದ ಕಾಡಿನಲ್ಲಿ ವಾಹನ ನಿಷೇಧವಿರುವುದರಿಂದ ಊರಿಗೆ ತಂಗುವವರ ವ್ಯಾಪಾರವೂ ಉಂಟು. ಜೂನ್‌ನಿಂದ ಆಗಸ್ಟ್‌ವರೆಗೆ ರಸ್ತೆ ಬದಿಯ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡು ಹೂ ಅರಳಿದರೆ ಕೇರಳದವರು ಸಂಸಾರ ಸಮೇತ ಬಂದು ನಿಲ್ಲುತ್ತಾರೆ. ಹೂ ನಾವು ಬೆಳೆಯುತ್ತಿದ್ದದ್ದು ಹಿಂದಿನಿಂದಲೂ. ಇಷ್ಟು ಜನ ಬರಲು ಶುರುಮಾಡಿದ್ದು ಫೋಟೊ, ರೀಲ್ಸ್ ಬಂದ ಮೇಲೆ. ಹೊಲದ ಬದುವಿನಲ್ಲಿ ಹಗ್ಗ ಕಟ್ಟಿ ಫೋಟೊ ತೆಗೆಯಲು ತಲೆಗಿಷ್ಟು ಎಂದು ವಸೂಲಿ ಮಾಡುವ ರೈತರಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ಗಿಡ ತುಳಿದು ಹೋಗುವವರಿಂದ ಅಷ್ಟಾದರೂ ಬರಲಿ. ಎಳನೀರಿನವನಿಗೆ, ಟೀ ಅಂಗಡಿಗೆ, ಹಣ್ಣು ಮಾರುವ ಹೆಂಗಸಿಗೆ ಆ ಮೂರು ತಿಂಗಳು ಸುಗ್ಗಿ.

ಈ ಸುಗ್ಗಿ ತಂದವನಿಗೆ ಗುಂಡ್ಲುಪೇಟೆ ಎಲ್ಲಿದೆಯೆಂದೇ ಗೊತ್ತಿರಬೇಕಾಗಿಲ್ಲ. ಯಾವ ವಿಡಿಯೊ ಯಾರ ಫೋನಿಗೆ ಹೋಗಬೇಕೆಂಬ ಲೆಕ್ಕಾಚಾರ ಒಂದು ದಿನ ಬದಲಾದರೆ ಜನ ಬೇರೆಲ್ಲೋ ಬೇರೆ ಹೂ ನೋಡಲು ಹೋಗುತ್ತಾರೆ. ಮಳೆ ಕೈಕೊಟ್ಟರೆ ಆಕಾಶ ನೋಡಿಯಾದರೂ ತಿಳಿಯುತ್ತದೆ. ಇದಕ್ಕೆ ನೋಡುವ ದಿಕ್ಕೂ ಇಲ್ಲ.

ಹಂಗಳ, ಮೇಲುಕಾಮನಹಳ್ಳಿ, ಮಂಗಲದ ಕಡೆ ಕಾಡಂಚಿನಲ್ಲಿ ಹೋಂಸ್ಟೇ, ಲಾಡ್ಜು ನಡೆಸುವವರಿಗೆ ಈ ಗೇಟು ಇನ್ನೂ ಗಟ್ಟಿ. ಅವರ ಗಿರಾಕಿ ಎದುರಿಗೆ ಬಂದು ಬಾಗಿಲು ತಟ್ಟುವವನಲ್ಲ, ಫೋನಿನಲ್ಲಿ ನೋಡಿ ಬರುವವನು. ಇವರ ಅನುಭವಕ್ಕೆ ಹತ್ತಿರದ ಒಂದು ಪ್ರಕರಣ ದೇಶದ ಮಟ್ಟದಲ್ಲಿ ತೀರ್ಮಾನವಾಗಿದೆ. 2022ರ ಅಕ್ಟೋಬರ್ 19ರಂದು ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್–ಗೋಐಬಿಬೋ ಕೂಟಕ್ಕೆ 223.48 ಕೋಟಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ಹಾಕಿತು. ಆಯೋಗ ಕಂಡುಕೊಂಡ ಸಂಗತಿಗಳಲ್ಲಿ ಎರಡು ನಮಗೆ ಬೇಕಾದವು. ಒಂದು, ನಮ್ಮಲ್ಲಿ ತೋರಿಸುವ ದರಕ್ಕಿಂತ ಕಡಿಮೆಗೆ ಬೇರೆ ಕಡೆ ಕೋಣೆ ಕೊಡಕೂಡದು ಎಂದು ಹೋಟೆಲಿನವರ ಮೇಲೆ ಷರತ್ತು ಹೇರಿದ್ದು. ಇನ್ನೊಂದು, ಓಯೋ ಜೊತೆಗಿನ ಒಪ್ಪಂದಕ್ಕಾಗಿ ಅದರ ಪ್ರತಿಸ್ಪರ್ಧಿಗಳಾದ ಟ್ರೀಬೋ, ಫ್ಯಾಬ್‌ಹೋಟೆಲ್ಸ್‌ಗಳನ್ನು ಪಟ್ಟಿಯಿಂದಲೇ ತೆಗೆದದ್ದು. ಟ್ರೀಬೋ ಬೆಂಗಳೂರಿನದೇ ಕಂಪನಿ, ಸಾಕಷ್ಟು ಬಂಡವಾಳ ಇದ್ದದ್ದು. ಅದಕ್ಕೇ ಗೇಟು ಮುಚ್ಚಿದರೆ ಅಷ್ಟು ಪೆಟ್ಟಾಗುತ್ತದೆಂದಾದರೆ ಮೂರು ಕೋಣೆಯ ಹೋಂಸ್ಟೇಯವನ ಗತಿ ಹೇಳಬೇಕಾಗಿಲ್ಲ. ಆ ಷರತ್ತನ್ನು ಸ್ವಲ್ಪ ಯೋಚಿಸಿ. ಕೋಣೆ ಅವನದು, ಹಾಸಿಗೆ ಅವನದು, ಬೆಳಗಿನ ಇಡ್ಲಿ ಅವನ ಮನೆಯಾಕೆ ಮಾಡಿದ್ದು. ಕಳೆದ ವರ್ಷ ಬಂದಿದ್ದ ಮಲಯಾಳಿ ಸಂಸಾರ ನೇರವಾಗಿ ಫೋನ್ ಮಾಡಿದರೆ ಕಮಿಷನ್ ಉಳಿದ ಖುಷಿಗೆ ನೂರು ರೂಪಾಯಿ ಇಳಿಸಲೂ ಅವನಿಗೆ ಸ್ವಾತಂತ್ರ್ಯವಿಲ್ಲ. ಕೊಳ್ಳುವವನಿಗೂ ಅದರಿಂದ ನಷ್ಟವೇ. ಎಲ್ಲ ಕಡೆ ಒಂದೇ ದರ ಕಂಡರೆ ಅದು ನ್ಯಾಯವಾದ ದರ ಎಂದು ನಾವು ನಂಬಿಬಿಡುತ್ತೇವೆ.

ಈಗ ತಕ್ಕಡಿ. ಚಾಮರಾಜನಗರದ ಮೊಬೈಲ್ ಅಂಗಡಿಯವರನ್ನು ಕೇಳಿ, ದಸರಾ ಹೊತ್ತಿನ ವ್ಯಾಪಾರ ಹೇಗೆ ಎಂದು. ಆಯುಧಪೂಜೆಗೆ, ದೀಪಾವಳಿಗೆ ಹೊಸ ಸಾಮಾನು ತರುವುದು ನಮ್ಮಲ್ಲಿ ಮೊದಲಿಂದ ನಡೆದುಬಂದದ್ದು. ಅಂಗಡಿಯವನ ವರ್ಷದ ಲೆಕ್ಕ ಸರಿಹೋಗುವುದು ಆ ವಾರಗಳಲ್ಲಿ. ಬೆಂಗಳೂರಿನ ಫ್ಲಿಪ್‌ಕಾರ್ಟ್ ತನ್ನ ಮೊದಲ ‘ಬಿಗ್ ಬಿಲಿಯನ್ ಡೇ’ ನಡೆಸಿದ್ದು 2014ರ ಅಕ್ಟೋಬರ್ 6ರಂದು. ಅಲ್ಲಿಂದಾಚೆ ಆ ವಾರಗಳು ಆನ್‌ಲೈನ್ ಕಂಪನಿಗಳ ಪಾಲಾದವು. ಕಡಿಮೆ ದರಕ್ಕೆ ಮಾರಿದರೆ ಅದು ಸ್ಪರ್ಧೆ, ಸೋತವನು ಅಳಬಾರದು. ಆದರೆ ಇಲ್ಲಿ ನಡೆದದ್ದು ಬರೀ ದರದ ಜಗಳವಲ್ಲ. ಕೆಲವು ಮಾಡೆಲ್‌ಗಳು ಆನ್‌ಲೈನಿನಲ್ಲಿ ಮಾತ್ರ ಬಿಡುಗಡೆಯಾಗುತ್ತಿದ್ದವು. ಹುಡುಗ ಬಂದು ಆ ಫೋನ್ ಇದೆಯಾ ಅಣ್ಣ ಎಂದು ಕೇಳಿದರೆ, ನಷ್ಟ ಮಾಡಿಕೊಂಡು ಕೊಡುತ್ತೇನೆಂದರೂ ಕೊಡಲು ಅಂಗಡಿಯಲ್ಲಿ ಮಾಲಿಲ್ಲ.

ದೆಹಲಿ ವ್ಯಾಪಾರ್ ಮಹಾಸಂಘ ಎಂಬ ವರ್ತಕರ ಸಂಘ ಇದರ ಬಗ್ಗೆ ದೂರು ಕೊಟ್ಟಿತು. 2020ರ ಜನವರಿಯಲ್ಲಿ ಸ್ಪರ್ಧಾ ಆಯೋಗ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಮೇಲೆ ತನಿಖೆಗೆ ಆದೇಶಿಸಿತು. ಕಂಪನಿಗಳು ಬಂದದ್ದು ನಮ್ಮ ಕರ್ನಾಟಕ ಹೈಕೋರ್ಟಿಗೆ. ಮೊದಲು ತಡೆಯಾಜ್ಞೆ ಸಿಕ್ಕಿತು. 2021ರ ಜೂನ್‌ನಲ್ಲಿ ಏಕಸದಸ್ಯ ಪೀಠ ಅರ್ಜಿ ವಜಾ ಮಾಡಿತು, ಜುಲೈಯಲ್ಲಿ ವಿಭಾಗೀಯ ಪೀಠವೂ ಅದನ್ನೇ ಹೇಳಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ತನಿಖೆಗೆ ಅಡ್ಡ ಬರಲಿಲ್ಲ. 2024ರ ಆಗಸ್ಟ್‌ನಲ್ಲಿ ತನಿಖಾ ವರದಿ ಸಿದ್ಧವಾಯಿತು. ಕೆಲವೇ ಮೆಚ್ಚಿನ ಮಾರಾಟಗಾರರಿಗೆ ಹುಡುಕಾಟದಲ್ಲಿ ಮುಂದಿನ ಸಾಲು ಕೊಟ್ಟದ್ದು, ಫೋನ್ ಕಂಪನಿಗಳ ಜೊತೆ ಸೇರಿ ಆನ್‌ಲೈನ್‌ಗೆ ಮೀಸಲಾದ ಬಿಡುಗಡೆ ಮಾಡಿದ್ದು ಕಾಯ್ದೆಗೆ ವಿರುದ್ಧ ಎಂದು ಅದರಲ್ಲಿದೆ. ಕಂಪನಿಗಳು ಒಪ್ಪಿಲ್ಲ. ವರದಿಯನ್ನು ಪ್ರಶ್ನಿಸಿ ದೇಶದ ಬೇರೆ ಬೇರೆ ಹೈಕೋರ್ಟುಗಳಲ್ಲಿ ಅರ್ಜಿಗಳು ಬಿದ್ದವು, 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವನ್ನೆಲ್ಲ ಕರ್ನಾಟಕ ಹೈಕೋರ್ಟಿಗೇ ಕಳಿಸಿತು. ದೂರಿನಿಂದ ಅಲ್ಲಿಯವರೆಗೇ ಐದು ವರ್ಷ. ಐದು ವರ್ಷ ಬಾಡಿಗೆ ಕಟ್ಟಿಕೊಂಡು ತೀರ್ಪಿಗೆ ಕಾಯುವ ಮೊಬೈಲ್ ಅಂಗಡಿ ಯಾವ ಪೇಟೆಯಲ್ಲಿದೆ?

ಅಮೆಜಾನಿನಲ್ಲಿ ಬಹಳ ಕಾಲ ಅತಿ ದೊಡ್ಡ ಮಾರಾಟಗಾರರಲ್ಲಿ ಒಂದಾಗಿದ್ದ ಕ್ಲೌಡ್‌ಟೇಲ್‌ನ ಒಡೆತನದಲ್ಲಿ ಅಮೆಜಾನಿನದೇ ಪಾಲಿತ್ತು, ಇನ್ನೊಬ್ಬ ಪಾಲುದಾರ ಇನ್ಫೊಸಿಸ್ ನಾರಾಯಣಮೂರ್ತಿಯವರ ಕ್ಯಾಟಮರಾನ್. ವಿದೇಶಿ ಹೂಡಿಕೆಯ ನಿಯಮಗಳು 2019ರಲ್ಲಿ ಬಿಗಿಯಾದ ಮೇಲೆ ಆ ಪಾಲನ್ನು ಇಳಿಸಿದರು, 2022ರ ಮೇ ತಿಂಗಳಿಗೆ ಆ ವ್ಯವಹಾರ ಮುಚ್ಚಿತು. ಮಂಡಿಯ ಭಾಷೆಯಲ್ಲಿ ಹೇಳುವುದಾದರೆ, ತೂಗುವವನ ಮೂಟೆಯೂ ಅದೇ ಸಾಲಿನಲ್ಲಿತ್ತು. ಮೋಸ ಮಾಡಿದನೋ ಇಲ್ಲವೋ ಎಂಬುದು ಆಮೇಲಿನ ಮಾತು. ಎಪಿಎಂಸಿಯಲ್ಲಿ ಹಾಗೆ ನಿಲ್ಲಲು ಬಿಡುತ್ತಿರಲಿಲ್ಲ.

ಇಲ್ಲಿ ವರ್ತಕರಿಗೆ ಹಿತವಾಗದ ಒಂದು ಮಾತನ್ನೂ ಹೇಳಿಬಿಡಬೇಕು. ಆನ್‌ಲೈನ್ ಬಂದದ್ದರಿಂದ ನಮ್ಮ ಜಿಲ್ಲೆಯ ಗ್ರಾಹಕನಿಗೆ ಆದ ಲಾಭ ಸಣ್ಣದಲ್ಲ. ಹನೂರಿನ ಹುಡುಗಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಬೇಕಾದರೆ ಮೈಸೂರಿಗೆ ಬಸ್ಸು ಹತ್ತಬೇಕಾಗಿತ್ತು. ಈಗ ಬೇಕಿಲ್ಲ. ದರ ಹೋಲಿಸಿ ನೋಡುವುದು, ಕೊಂಡದ್ದು ಸರಿಯಿಲ್ಲವೆಂದು ಹಿಂದಕ್ಕೆ ಕೊಡುವುದು ಇವೆಲ್ಲ ನಮ್ಮ ಪೇಟೆಗಳಲ್ಲಿ ಗ್ರಾಹಕನ ಹಕ್ಕು ಎನಿಸಿಕೊಂಡಿರಲಿಲ್ಲ. ಒಮ್ಮೆ ಮಾರಿದ ಮಾಲು ವಾಪಸ್ಸಿಲ್ಲ ಎಂಬ ಬೋರ್ಡು ಎಷ್ಟು ಅಂಗಡಿಗಳಲ್ಲಿತ್ತು, ನಿಮಗೇ ಗೊತ್ತು. ಬಿಲ್ ಕೇಳಿದವನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಗಿರಾಕಿ ಫೋನಿನ ಕಡೆ ಹೋದದ್ದರಲ್ಲಿ ನಮ್ಮ ಪಾಲೂ ಇದೆ.

ಇನ್ನು ಖಾತೆ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇದು ಇಲ್ಲಿ ಕೂತಿರುವ ಎಲ್ಲರ ಜೇಬಿನಲ್ಲಿದೆ.

ದಿನಸಿ ಅಂಗಡಿಯ ಉದ್ರಿ ಪುಸ್ತಕ ಎಂದರೆ ಊರಿನ ಒಳಲೆಕ್ಕ. ಯಾರ ಮನೆಗೆ ನೆಂಟರು ಬಂದರು, ಯಾರು ಸಕ್ಕರೆ ಕಡಿಮೆ ಮಾಡಿದರು, ಅರಿಶಿನ ಮಾರಿದ ದುಡ್ಡು ಯಾರಿಗೆ ಇನ್ನೂ ಬಂದಿಲ್ಲ, ಎಲ್ಲವೂ ಅದರಲ್ಲಿ ಗೊತ್ತಾಗುತ್ತಿತ್ತು. ಅಂಗಡಿಯವನ ನಿಜವಾದ ಬಂಡವಾಳ ಅದು. ಅಷ್ಟು ತಿಳಿದಿದ್ದರಿಂದಲೇ ಅವನು ಸಾಲ ಕೊಡುತ್ತಿದ್ದ. ಈಗ ಆ ತಿಳಿವಳಿಕೆ ಇರುವುದು ಕೌಂಟರಿನ ಮೇಲಿನ ಕ್ಯೂಆರ್ ಫಲಕದ ಹಿಂದೆ. ಯುಪಿಐಯನ್ನು ಕಟ್ಟಿದ್ದು ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, 2016ರಲ್ಲಿ. ಅದು ಸಾರ್ವಜನಿಕ ವ್ಯವಸ್ಥೆ, ಹೆಮ್ಮೆಪಡಬೇಕಾದದ್ದು. ಆದರೆ ಅದರ ಮೇಲೆ ಓಡುವ ವ್ಯವಹಾರದಲ್ಲಿ ಹತ್ತರಲ್ಲಿ ಸುಮಾರು ಎಂಟು ಪಾಲು ಎರಡೇ ಆ್ಯಪ್‌ಗಳ ಮೂಲಕ ಹೋಗುತ್ತದೆ: ಬೆಂಗಳೂರಿನಲ್ಲಿ ಹುಟ್ಟಿ ವಾಲ್‌ಮಾರ್ಟ್ ಒಡೆತನಕ್ಕೆ ಸೇರಿದ ಫೋನ್‌ಪೇ, ಮತ್ತು ಗೂಗಲ್ ಪೇ. ನಮ್ಮೂರಲ್ಲಿ ಯಾವ ಆ್ಯಪಿನಿಂದ ಹಣ ಹಾಕಿದರೂ ‘ಫೋನ್‌ಪೇ ಮಾಡ್ದೆ’ ಅನ್ನುತ್ತೇವೆ. ಯಾವ ಒಂದು ಆ್ಯಪಿನ ಪಾಲೂ ನೂರಕ್ಕೆ ಮೂವತ್ತು ಮೀರಬಾರದು ಎಂದು ನಿಗಮ 2020ರಲ್ಲೇ ಹೇಳಿತು. ಜಾರಿಯ ಗಡುವು 2022ರ ಕೊನೆಯಿಂದ 2024ರ ಕೊನೆಗೆ, ಅಲ್ಲಿಂದ 2026ರ ಕೊನೆಗೆ ಹೋಯಿತು.

ಯುಪಿಐಗೆ ವರ್ತಕನಿಂದ ಶುಲ್ಕ ಹಿಡಿಯುವಂತಿಲ್ಲವೆಂಬುದು 2020ರ ಜನವರಿಯಿಂದ ಇರುವ ನಿಯಮ. ಹಾಗಾದರೆ ಕಂಪನಿಗೆ ಏನು ಸಿಗುತ್ತದೆ? ಹಣ ಬಂತೆಂದು ಕೂಗುವ ಧ್ವನಿಪೆಟ್ಟಿಗೆಯ ಬಾಡಿಗೆ ಸಿಗುತ್ತದೆ, ಜಾಹೀರಾತು ಸಿಗುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಆ ಖಾತೆ ಸಿಗುತ್ತದೆ. ಖಾತೆ ನೋಡಿ ವರ್ತಕನಿಗೆ ಸಾಲ ಕೊಡಿಸುತ್ತಾರೆ, ದಿನದ ವಸೂಲಿಯಲ್ಲೇ ಇಷ್ಟಿಷ್ಟು ಎಂದು ಕಂತು ಮುರಿಯುತ್ತಾರೆ. ಬ್ಯಾಂಕಿನ ಮೆಟ್ಟಿಲು ಹತ್ತಿ ಬರಿಗೈಯಲ್ಲಿ ಬಂದವನಿಗೆ ಇದು ಉಪಕಾರವೇ. ಆದರೆ ವ್ಯಾಪಾರ ಬಿದ್ದ ವಾರ ‘ಈ ವಾರ ಬಿಡು ಅಣ್ಣ’ ಎನ್ನಲು ಎದುರಿಗೆ ಯಾರೂ ಇಲ್ಲ. 2025ರ ಮೊದಲ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಹಳ್ಳಿಗಳಲ್ಲಿ ಮೈಕ್ರೊಫೈನಾನ್ಸ್ ವಸೂಲಿಯ ಕಾಟಕ್ಕೆ ಸಂಸಾರಗಳು ಮನೆಗೆ ಬೀಗ ಹಾಕಿ ಹೋದದ್ದನ್ನು ನಾವು ಕಂಡೆವು. ಆ ಫೆಬ್ರವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆ ತರಬೇಕಾಯಿತು. ಅಲ್ಲಿ ಬಾಗಿಲಿಗೆ ಬಂದು ಕೂರುವ ಮನುಷ್ಯನಾದರೂ ಇದ್ದ, ಅವನ ಮೇಲೆ ಕೇಸು ಹಾಕಬಹುದಿತ್ತು.

ಖಾತೆ ತನ್ನ ಕೈಯಲ್ಲಿಲ್ಲದಿದ್ದರೆ ಏನಾಗುತ್ತದೆ ಎಂಬುದು ರಾಜ್ಯದ ವರ್ತಕರಿಗೆ ಅರಿವಾದದ್ದು 2025ರ ಜುಲೈಯಲ್ಲಿ. ವಾಣಿಜ್ಯ ತೆರಿಗೆ ಇಲಾಖೆ 2021–22ರಿಂದ 2024–25ರವರೆಗಿನ ಯುಪಿಐ ಲೆಕ್ಕವನ್ನು ಸೇವಾ ಕಂಪನಿಗಳಿಂದ ತರಿಸಿಕೊಂಡು, ವಹಿವಾಟು ಮಿತಿ ಮೀರಿದೆ, ಜಿಎಸ್‌ಟಿ ನೋಂದಣಿ ಇಲ್ಲ ಎಂದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವನಿಗೆ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 1.63 ಕೋಟಿ ವಹಿವಾಟಿನ ಮೇಲೆ 29 ಲಕ್ಷ ಕಟ್ಟಿ ಎಂದು ನೋಟಿಸ್ ಬಂತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಅಂಟಿತು, ಬಂದ್ ಕರೆಯೂ ಬಂತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರನ್ನು ಕರೆದು ಮಾತಾಡಿ, ಹಳೆಯ ಬಾಕಿ ಕೇಳುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದರು. ಬಂದ್ ನಿಂತಿತು.

ತೆರಿಗೆ ತಪ್ಪಿಸುವವರ ಪರ ನಾನಿಲ್ಲ. ಮಿತಿ ಮೀರಿದವನು ನೋಂದಾಯಿಸಬೇಕು. ನಾನು ನೋಡುತ್ತಿರುವುದು ಬೇರೆ. ಆ ನಾಲ್ಕು ವರ್ಷದ ಲೆಕ್ಕ ಇಲಾಖೆಗೆ ಗೊತ್ತಿತ್ತು, ಕಂಪನಿಗೆ ಗೊತ್ತಿತ್ತು, ವ್ಯಾಪಾರಿಗೆ ಮಾತ್ರ ಗೊತ್ತಿರಲಿಲ್ಲ. ತಮ್ಮ ಕಳಿಸಿದ ಕೈಸಾಲ, ಚೀಟಿ ದುಡ್ಡು, ಮಗಳ ಕಾಲೇಜು ಶುಲ್ಕಕ್ಕೆ ಬಂದ ಹಣ ಎಲ್ಲವೂ ಒಂದೇ ಕ್ಯೂಆರ್‌ಗೆ ಬಿದ್ದು ‘ವಹಿವಾಟು’ ಆಯಿತು ಎಂದು ವ್ಯಾಪಾರಿಗಳು ಹೇಳಿದರು. ಉದ್ರಿ ಪುಸ್ತಕದಲ್ಲಿ ಇವು ಬೇರೆ ಬೇರೆ ಪುಟದಲ್ಲಿರುತ್ತಿದ್ದವು. ವ್ಯಾಪಾರದ ಖಾತೆ ಬೇರೆ, ಮನೆಯ ಖಾತೆ ಬೇರೆ ಇಡಿ ಎಂದು ಕ್ಯೂಆರ್ ಅಂಟಿಸಲು ಬಂದ ಹುಡುಗ ಎಷ್ಟು ಅಂಗಡಿಗಳಲ್ಲಿ ಹೇಳಿದ? ತನ್ನ ಗುರಿ ಮುಟ್ಟಿಸುವ ಅವಸರದಲ್ಲಿ ಅವನಿಗೆ ಅದು ಬೇಕಿರಲಿಲ್ಲ.

ಜಿಎಸ್‌ಟಿ ಮಾತು ಬಂದದ್ದರಿಂದ ಗಡಿ ಜಿಲ್ಲೆಯವರಿಗೇ ಅರ್ಥವಾಗುವ ಒಂದು ವಿಚಿತ್ರ ಹೇಳುತ್ತೇನೆ. ಮೊದಲು ಆನ್‌ಲೈನ್ ವೇದಿಕೆಯಲ್ಲಿ ಸರಕು ಮಾರಬೇಕಾದರೆ ವಹಿವಾಟು ಎಷ್ಟೇ ಇರಲಿ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ಸಣ್ಣವರಿಗೆ ವಿನಾಯಿತಿ ಸಿಕ್ಕಿತು, ಆದರೆ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ಅಂದರೆ ಗುಂಡ್ಲುಪೇಟೆಯಲ್ಲಿ ಅರಿಶಿನ ಪುಡಿ ಮಾಡುವ ಹೆಣ್ಣುಮಕ್ಕಳ ಸಂಘ ಅದನ್ನು ನೋಂದಣಿ ಇಲ್ಲದೆ ಬೀದರಿಗೆ ಆನ್‌ಲೈನಿನಲ್ಲಿ ಕಳಿಸಬಹುದು, ಕಾಡು ದಾಟಿದರೆ ಸಿಗುವ ಬತ್ತೇರಿಗೆ ಕಳಿಸುವಂತಿಲ್ಲ. ಬತ್ತೇರಿಯವನೇ ಬಂದು ಕೌಂಟರಿನಲ್ಲಿ ಕೊಂಡುಹೋದರೆ ಅಡ್ಡಿಯಿಲ್ಲ. ಗಡಿಯಾಚೆಯ ತಾಳವಾಡಿ ಕನ್ನಡದ ಊರು, ನಮ್ಮ ನೆಂಟರಿಷ್ಟರ ಊರು. ಪಾರ್ಸೆಲ್ಲಿನ ಲೆಕ್ಕಕ್ಕೆ ಅದೂ ಹೊರರಾಜ್ಯ. ದೊಡ್ಡ ಮಾರಾಟಗಾರನಿಗೆ ಗಡಿ ಎಂಬುದು ಒಂದು ನಮೂನೆ ತುಂಬುವ ಕೆಲಸ, ಸಣ್ಣವನಿಗೆ ಅದು ಗೋಡೆ. ಇದು ಯಾವ ಕಂಪನಿಯ ತಪ್ಪೂ ಅಲ್ಲ, ನಮ್ಮದೇ ನಿಯಮ.

ಗ್ರಾಹಕನ ಕಡೆಗೆ ಬರೋಣ. ಅವನು ಕೊಡುವ ಬೆಲೆ ರೂಪಾಯಿಯಲ್ಲಿ ಕಾಣುವುದಿಲ್ಲ. ಸಾಮಾನಿನ ಚೀಟಿಯನ್ನು ಫೋಟೊ ಹೊಡೆದು ವಾಟ್ಸಾಪಿನಲ್ಲಿ ಅಂಗಡಿಗೆ ಕಳಿಸುವುದು ಈಗ ಮನೆಮನೆಯ ರೂಢಿ. 2021ರಲ್ಲಿ ವಾಟ್ಸಾಪ್ ತನ್ನ ಹೊಸ ಷರತ್ತು ಒಪ್ಪಿ, ಇಲ್ಲದಿದ್ದರೆ ಬಿಡಿ ಎಂದಿತು. ಬಿಟ್ಟು ಹೋಗುವುದೆಲ್ಲಿಗೆ? ಅಂಗಡಿಯವನು, ಮಗನ ಸ್ಕೂಲು, ಹಾಲಿನ ಡೇರಿ, ಎಲ್ಲರೂ ಅಲ್ಲೇ. ಈ ‘ಒಪ್ಪು ಇಲ್ಲವೇ ಬಿಡು’ ಎಂಬುದು ಬಲದ ದುರುಪಯೋಗ ಎಂದು ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾ ಕಂಪನಿಗೆ 213.14 ಕೋಟಿ ದಂಡ ಹಾಕಿತು, ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ಆ ದಂಡವನ್ನು ಎತ್ತಿಹಿಡಿಯಿತು. ಗೂಗಲ್ ಮೇಲೆ ಆಂಡ್ರಾಯ್ಡ್ ಪ್ರಕರಣದಲ್ಲಿ 2022ರಲ್ಲಿ ಹಾಕಿದ್ದು 1,337.76 ಕೋಟಿ. ಕೇಳಲು ದೊಡ್ಡ ಅಂಕಿ, ಆ ಕಂಪನಿಗಳ ಲೆಕ್ಕದಲ್ಲಿ ಅಷ್ಟೇನಲ್ಲ. ‘ಇನ್ನು ಎರಡೇ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಿಮೆಯನ್ನು ಬುಟ್ಟಿಗೆ ಸೇರಿಸುವುದು, ಇಂಥ 13 ಬಗೆಯ ಮರುಳು ಮಾಡುವ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ನಿಷೇಧಿಸಿದೆ. ನಿಮ್ಮ ಫೋನ್ ತೆರೆದು ನೋಡಿ, ಎಷ್ಟು ಹೋಗಿವೆ ಎಂದು.

ಆದರೂ ಗ್ರಾಹಕನಿಗೆ ಒಂದು ಬಾಗಿಲಿದೆ, ಅದು ಇದೇ ಊರಿನಲ್ಲಿದೆ. ಹಳೆಯ 1986ರ ಕಾಯ್ದೆಯಡಿ ಎದುರಾಳಿ ಇರುವ ಊರಿಗೋ ವ್ಯವಹಾರ ನಡೆದ ಊರಿಗೋ ಹೋಗಿ ದೂರು ಕೊಡಬೇಕಿತ್ತು. 2019ರ ಕಾಯ್ದೆಯಂತೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು. ಚಾಮರಾಜನಗರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕಂಪನಿಯೇ ಬಂದು ನಿಲ್ಲಬೇಕು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. 2020ರ ಇ–ವಾಣಿಜ್ಯ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ಕಂಪನಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. 1915ಕ್ಕೆ ಫೋನ್ ಮಾಡಿದರೆ ಸಹಾಯವಾಣಿ ಸಿಗುತ್ತದೆ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ‘ಕಸ್ಟಮರ್ ಕೇರ್’ ನಂಬರಿಗೆ ಮಾತ್ರ ಫೋನ್ ಮಾಡಬೇಡಿ. ಕಳ್ಳರು ಕಾದಿರುವುದು ಅಲ್ಲೇ. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ವ್ಯಾಪಾರಿಗೆ ಈ ಬಾಗಿಲಿಲ್ಲ. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವನು ಗ್ರಾಹಕನಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕೆಂದು ವಾದಿಸಿ ಒಳಗೆ ಹೋಗುವ ಸಣ್ಣ ಸಂದಿ ಇದೆ, ಅಷ್ಟೆ. ಹೋಂಸ್ಟೇಯ ಹೆಸರು ಪಟ್ಟಿಯಿಂದ ಮಾಯವಾದರೆ, ಮಾರಾಟದ ಖಾತೆ ರಾತ್ರೋರಾತ್ರಿ ನಿಂತರೆ ಅವನಿಗೆ ಸಿಗುವುದು ಇಂಗ್ಲಿಷಿನ ಒಂದು ಸಿದ್ಧ ಉತ್ತರ. ಒಪ್ಪಂದದ ಕೊನೆಯ ಪುಟದಲ್ಲಿ ವ್ಯಾಜ್ಯ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಎಂದಿರುತ್ತದೆ. ಹಣ ಪಾವತಿಯ ತಕರಾರಾದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಮಿಕ್ಕದ್ದಕ್ಕೆ ದೆಹಲಿಯ ಸ್ಪರ್ಧಾ ಆಯೋಗ. ಅಧಿಕಾರವನ್ನು ಬೆಂಗಳೂರಿನಿಂದ ಹಳ್ಳಿಗೆ ಇಳಿಸಬೇಕೆಂದು ಹಟ ಹಿಡಿದ ಅಬ್ದುಲ್ ನಜೀರ್ ಸಾಬ್ ಗುಂಡ್ಲುಪೇಟೆಯವರು. 1983ರ ಜಿಲ್ಲಾ ಪರಿಷತ್, ಮಂಡಲ ಪಂಚಾಯತಿ ಕಾಯ್ದೆಯ ಹಿಂದೆ ಇದ್ದ ಅವರ ಪ್ರಶ್ನೆ, ತೀರ್ಮಾನ ಮಾಡುವವನು ತೊಂದರೆ ಅನುಭವಿಸುವವನಿಗೆ ಎಷ್ಟು ಹತ್ತಿರ ಇದ್ದಾನೆ ಎಂಬುದು. ಸರ್ಕಾರಕ್ಕೆ ಕೇಳಿದ ಆ ಪ್ರಶ್ನೆಯನ್ನು ಕಂಪನಿಗಳಿಗೆ ಇನ್ನೂ ಯಾರೂ ಕೇಳಿಲ್ಲ.

ಯುರೋಪಿನಲ್ಲಿ ಕೇಳಿದ್ದಾರೆ. 2020ರ ಜುಲೈಯಿಂದ ಅಲ್ಲಿ ಜಾರಿಯಲ್ಲಿರುವ ಒಂದು ನಿಯಮದಂತೆ, ವ್ಯಾಪಾರಿಯನ್ನು ವೇದಿಕೆಯಿಂದ ಪೂರ್ತಿ ತೆಗೆಯಬೇಕಾದರೆ ಸಾಮಾನ್ಯವಾಗಿ 30 ದಿನ ಮೊದಲು ಕಾರಣ ಬರೆದು ಕೊಡಬೇಕು. ಹುಡುಕಾಟದಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದನ್ನು ಯಾವ ಅಂಶಗಳು ತೀರ್ಮಾನಿಸುತ್ತವೆ ಎಂದು ಮೊದಲೇ ಹೇಳಬೇಕು. ಆಮೇಲೆ ಬಂದ ಡಿಜಿಟಲ್ ಮಾರುಕಟ್ಟೆ ಕಾಯ್ದೆ ದೊಡ್ಡ ಕಂಪನಿಗಳನ್ನು ದ್ವಾರಪಾಲಕರೆಂದೇ ಹೆಸರಿಸಿ, ಸ್ವಂತ ಮಾಲಿಗೆ ಮುಂದಿನ ಸಾಲು ಕೊಡಕೂಡದು ಎಂದಿತು. ನಮ್ಮಲ್ಲಿ ಅದೇ ದಾರಿಯ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚ್‌ನಲ್ಲಿ ಹೊರಬಂತು. ಒಳ್ಳೆಯ ಕರಡು. ಎಪಿಎಂಸಿಯ ಸಮಿತಿ ಕಚೇರಿಯಂಥದ್ದು ಮಾತ್ರ ಅದರಲ್ಲಿಲ್ಲ, ದೂರು ಮತ್ತೆ ದೆಹಲಿಗೇ.

ನಮ್ಮದೇ ವೇದಿಕೆ ಕಟ್ಟಿದರಾಗದೇ ಎಂದು ಕೇಳುವವರಿದ್ದಾರೆ. ಕಟ್ಟಿದ್ದೇವೆ. ಎಪಿಎಂಸಿ ಹರಾಜನ್ನು ಕಂಪ್ಯೂಟರಿಗೆ ತಂದ ಏಕೀಕೃತ ಮಾರುಕಟ್ಟೆ ವೇದಿಕೆ ಕರ್ನಾಟಕದ್ದು. 2014ರಲ್ಲಿ ರಾಜ್ಯ ಸರ್ಕಾರ ಪಾಲುದಾರನಾಗಿ ಅದಕ್ಕೊಂದು ಕಂಪನಿ ಮಾಡಿತು, ಎರಡು ವರ್ಷದ ಮೇಲೆ ಬಂದ ಕೇಂದ್ರದ ಆನ್‌ಲೈನ್ ಕೃಷಿ ಮಾರುಕಟ್ಟೆ ಇ–ನಾಮ್‌ಗೆ ಅದೇ ಮೇಲ್ಪಂಕ್ತಿ. ಬೆಂಗಳೂರಿನ ಆಟೊ ಚಾಲಕರ ನಮ್ಮ ಯಾತ್ರಿ 2022ರಲ್ಲಿ ಬಂದು, ಕಮಿಷನ್ ಇಲ್ಲದೆಯೂ ಆ್ಯಪ್ ಓಡುತ್ತದೆ ಎಂದು ತೋರಿಸಿತು. ಕೇಂದ್ರದ ಬೆಂಬಲದ ಮುಕ್ತ ಆನ್‌ಲೈನ್ ವ್ಯಾಪಾರ ಜಾಲ ಒಎನ್‌ಡಿಸಿಯೂ ಇದೆ, ನಮ್ಮ ದಿನಸಿ ಅಂಗಡಿಗಳ ಮಾತಿನಲ್ಲಿ ಅದರ ಹೆಸರು ಬರುವುದು ಅಪರೂಪ. ಇವೆಲ್ಲ ಬೆಳೆಯಲಿ. ಅಲ್ಲಿಯವರೆಗೆ ಇರುವ ವೇದಿಕೆಗಳಲ್ಲೇ ವ್ಯಾಪಾರ ಮಾಡಬೇಕಾದ ನಿಮಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ.

ನಾನು ಹೇಳಿದ ಪ್ರಕರಣಗಳಲ್ಲಿ ಹೋಟೆಲ್ ಪ್ರಕರಣ ಹೋಟೆಲು ಮಾಲೀಕರ ಒಕ್ಕೂಟದ ದೂರು. ಅಮೆಜಾನ್–ಫ್ಲಿಪ್‌ಕಾರ್ಟ್ ಪ್ರಕರಣ ವರ್ತಕರ ಸಂಘದ ದೂರು. ಒಬ್ಬಂಟಿ ಅಂಗಡಿಯವನ ದೂರು ಅಷ್ಟು ದೂರ ಹೋದದ್ದು ನನಗೆ ಕಾಣುವುದಿಲ್ಲ. ಹಾಗಾಗಿ ಚಾಮರಾಜನಗರದಲ್ಲಿ ಒಂದು, ಗುಂಡ್ಲುಪೇಟೆಯಲ್ಲಿ ಒಂದು ಪುಸ್ತಕವನ್ನು ನಿಮ್ಮ ವರ್ತಕ ಸಂಘಗಳೇ ಇಡಲಿ. ಯಾರ ಖಾತೆ ಯಾವ ದಿನ ನಿಂತಿತು, ಏನು ಕಾರಣ ಕೊಟ್ಟರು, ಎಷ್ಟು ಕಮಿಷನ್ ಮುರಿದರು, ಬೇರೆ ಕಡೆ ಕಡಿಮೆಗೆ ಮಾರಬೇಡ ಎಂದು ಬರೆದುಕೊಟ್ಟರೋ ಬಾಯಲ್ಲಿ ಹೇಳಿದರೋ, ದಿನಾಂಕ ಹಾಕಿ, ಪರದೆಯ ಫೋಟೊ ಅಂಟಿಸಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಅನುವಾದ ಮಾಡಿಸುವ ವಕೀಲರು ಸಿಗುತ್ತಾರೆ. ಹೋಂಸ್ಟೇಯವರು ಈ ಮಳೆಗಾಲದಿಂದಲೇ ಶುರುಮಾಡಬಹುದು. ಆಯೋಗ ಕೇಳುವುದು ಇಂಥ ಪುಟಗಳನ್ನೇ.